ಸೊಸೆ ಹಾಕಿಕೊಂಡ ವೈನು

ನಾಚಿಕೆಯಾದರೆ ಕೆಲವರು ತಲೆ ತಗ್ಗಿಸುತ್ತಾರೆ, ಕೆಲವರು ಸೆರಗಿನ ತುದಿ ಸುತ್ತುತ್ತಾರೆ. ನನಗೆ ಕಿವಿ ಬಿಸಿಯಾಗುತ್ತದೆ. ಚಳಿಗಾಲದಲ್ಲಿ ಇದರಿಂದ ಒಂದಿಷ್ಟು ಅನುಕೂಲವೂ ಉಂಟು. ಆದರೆ ಅಥಣಿಯಲ್ಲಿ ಒಂದು ವರ್ಷ ದ್ರಾಕ್ಷಿಯ ಸುಗ್ಗಿಯಲ್ಲಿ ಬಿಸಿಯಾದ ನನ್ನ ಕಿವಿಗಳು ತಣ್ಣಗಾಗಲು ಬಹಳ ಕಾಲ ಹಿಡಿಯಿತು. ಅದಕ್ಕೆ ಕಾರಣ ಒಂದು ಸಾಫ್ಟ್‌ವೇರ್. ನಾಚಿಕೆಗೂ ಸಾಫ್ಟ್‌ವೇರಿಗೂ ಏನು ಸಂಬಂಧ ಎಂದು ನೀವು ಕೇಳುವುದು ನ್ಯಾಯವೇ. ನಾನೂ ಅದನ್ನೇ ಕೇಳಿಕೊಂಡಿದ್ದೇನೆ.

ನಾನು ಮುಗಳಖೋಡದವಳು. ಚಿಕ್ಕೋಡಿಯಲ್ಲಿ ಕಾಲೇಜು ಓದುವಾಗ ನಿಪ್ಪಾಣಿಯ ರುಬಿನಾ ಜೊತೆಗಿದ್ದಳು. ಇಬ್ಬರೂ ಕಂಪ್ಯೂಟರ್ ಕಲಿತೆವು. ಅವಳು ಚೆನ್ನಾಗಿ, ನಾನು ಪಾಸಾಗುವಷ್ಟು. ಮದುವೆಯಾಗಿ ನಾನು ಅಥಣಿಗೆ ಬಂದೆ. ನಮ್ಮವರು ಸಕ್ಕರೆ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಕಬ್ಬಿನ ರಸದ ಸಿಹಿ ಅಳೆಯುವ ಕೆಲಸದಲ್ಲಿದ್ದರು. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಅತ್ತೆ ಕಾಗವಾಡ ದಾಟಿದ ಮೇಲೆ ಸಿಗುವ ಮರಾಠಿ ಹಳ್ಳಿಯೊಂದರವರು. ಕನ್ನಡವನ್ನು ಮದುವೆಯಾದ ಮೇಲೆ ಕಲಿತವರು, ಆದರೆ ದೇವರ ಹತ್ತಿರ ಮಾತಾಡುವಾಗ ಮರಾಠಿಗೇ ಹೊರಳುತ್ತಿದ್ದರು. ಓಣಿಯ ಹೆಂಗಸರ ಭಜನಾ ಮಂಡಳಿಯಲ್ಲಿ ಮೊದಲ ಅಭಂಗ ಎತ್ತುವವರು ಅವರೇ. ಅವರು ತಾಳ ಕೈಗೆ ತೆಗೆದುಕೊಂಡರೆ ಉಳಿದವರ ಹರಟೆ ತಾನಾಗಿ ನಿಲ್ಲುತ್ತಿತ್ತು.

ಮನೆಯಲ್ಲಿ ಕೂತೇ ಏನಾದರೂ ಮಾಡೋಣವೆಂದು ರುಬಿನಾ ಒಂದು ಕೆಲಸ ಹಿಡಿದು ತಂದಳು. ಶಾಲೆಗಳ ಗ್ರಂಥಾಲಯಗಳಿಗೆ ಕನ್ನಡ, ಮರಾಠಿ ಎರಡೂ ಪುಸ್ತಕಗಳನ್ನು ಹುಡುಕಿಕೊಡುವ ಪ್ರೋಗ್ರಾಮ್. ಅವಳು ನಿಪ್ಪಾಣಿಯಲ್ಲಿ ಕೂತು ಅರ್ಧ ಬರೆಯಬೇಕು, ನಾನು ಅಥಣಿಯಲ್ಲಿ ಕೂತು ಅರ್ಧ ಬರೆಯಬೇಕು. ಇಬ್ಬರು ಬರೆದದ್ದನ್ನು ಕೂಡಿಸಲು, ಯಾರು ಏನು ಕೆಡಿಸಿದರೆಂದು ನೋಡಲು, ಕೆಡುವ ಮೊದಲಿನ ರೂಪಕ್ಕೆ ಹಿಂದಿರುಗಲು ಒಂದು ಬಗೆಯ ಸಾಫ್ಟ್‌ವೇರ್ ಇರುತ್ತದೆ. ಅದಕ್ಕೆ ವರ್ಷನ್ ಕಂಟ್ರೋಲ್ ಎನ್ನುತ್ತಾರೆ. ಸಂಸಾರಕ್ಕೂ ಇಂಥದೊಂದು ಇದ್ದಿದ್ದರೆ ಎಂದು ಆಗ ನಗೆಯಾಡುತ್ತಿದ್ದೆವು.

ರುಬಿನಾಳ ಕಂಪ್ಯೂಟರಿನಲ್ಲಿ ವಿಂಡೋಸ್ ಇತ್ತು. ನನ್ನದು ವೈರಸ್ ಹೊಕ್ಕು ಸತ್ತು, ನಮ್ಮವರ ಗೆಳೆಯರೊಬ್ಬರ ಕೃಪೆಯಿಂದ ವಿಂಡೋಸಿನ ಬದಲು ಲಿನಕ್ಸ್ ಹಾಕಿಸಿಕೊಂಡು ಮತ್ತೆ ಎದ್ದಿತ್ತು. ಲಿನಕ್ಸಿಗೂ ವರ್ಷನ್ ಕಂಟ್ರೋಲ್ ಇದ್ದೇ ಇತ್ತು. ಆದರೆ ಅದಕ್ಕೆ ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಟೈಪ್ ಮಾಡಬೇಕು. ನನಗೆ ಆ ಕಪ್ಪು ಪರದೆ ಎಂದರೆ ಭಯ. ಪದವಿಯ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿದವಳು ಹಾಗೆ ಹೇಳುವುದು ಹೇಗೆ? ಆದ್ದರಿಂದ, ವಿಂಡೋಸಿನ ಹಸಿರು ಟಿಕ್ಕು, ಕೆಂಪು ಗುರುತುಗಳ ಆ ಚಂದದ ಸಾಫ್ಟ್‌ವೇರೇ ನನಗೂ ಬೇಕು ಎಂದು ಹಟ ಹಿಡಿದೆ. ರುಬಿನಾ ಉಪಾಯ ಹೇಳಿದಳು: "ಹಂಗಾದ್ರ ವೈನ್ ಹಾಕ್ಕೊ."

ವೈನ್ ಎಂಬುದು ಒಂದು ದುಭಾಷಿ. ಹಿಂದೆ ಪರದೇಶದ ವ್ಯಾಪಾರಿಗಳು ಬಂದಾಗ ಇಬ್ಬರ ನಡುವೆ ನಿಂತು ಆ ಮಾತನ್ನು ಈ ಮಾತು ಮಾಡುತ್ತಿದ್ದರಲ್ಲ, ಹಾಗೆ. ವಿಂಡೋಸಿಗೆಂದು ಬರೆದ ಪ್ರೋಗ್ರಾಮು ತನ್ನ ಭಾಷೆಯಲ್ಲಿ ಏನೋ ಕೇಳುತ್ತದೆ, ವೈನ್ ಅದನ್ನು ಲಿನಕ್ಸಿಗೆ ತಿಳಿಯುವಂತೆ ಹೇಳುತ್ತದೆ. ಪ್ರೋಗ್ರಾಮಿಗೆ ತಾನು ಪರ ಊರಲ್ಲಿದ್ದೇನೆ ಎಂಬುದೇ ತಿಳಿಯುವುದಿಲ್ಲ. ದೊಡ್ಡದೊಂದು ಇಂಗ್ಲಿಷ್ ಮಾತಿನ ಮೊದಲಕ್ಷರಗಳನ್ನು ಕೂಡಿಸಿ ಆ ಹೆಸರಿಟ್ಟರಂತೆ. ಇಟ್ಟವರು ಅಥಣಿಯಲ್ಲಿ ಸೊಸೆಯಾಗಿ ಇದ್ದವರಲ್ಲ.

ನಮ್ಮ ಮನೆಯ ಫೋನು ಪಡಸಾಲೆಯಲ್ಲಿ, ಅಡುಗೆಮನೆಯ ಬಾಗಿಲ ಪಕ್ಕದಲ್ಲೇ ಇತ್ತು. ನಿಪ್ಪಾಣಿಗೆ ಕೇಳಿಸಲೆಂದು ನಾನು ಗಟ್ಟಿಯಾಗಿ ಮಾತಾಡುತ್ತಿದ್ದೆ. ಏನು ಮಾತಾಡಿದ್ದೆ ಎಂಬುದನ್ನು ಆಮೇಲೆ ಒಂದೊಂದಾಗಿ ನೆನಪಿಸಿಕೊಂಡಿದ್ದೇನೆ.

"ಮುಂಜಾನೆನ ವೈನ್ ಹಾಕ್ಕೊಂಡೆ ಬೇ. ಒಮ್ಮೆಗೆ ಹತ್ತಲಿಲ್ಲ, ಮತ್ತೊಮ್ಮೆ ಹಾಕಿದೆ."

"ಹಳೇ ವೈನ ಚೊಲೋ ಇತ್ತು. ಹೊಸಾದು ಹಾಕ್ಕೊಂಡಾಗಿಂದ ತಲಿ ಕೆಟ್ಟೈತಿ. ಕಣ್ಣಿಗೆ ಬರೇ ಚೌಕ ಚೌಕ ಕಾಣತಾವು."

ಕನ್ನಡ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಬರುತ್ತಿದ್ದುದನ್ನು ನಾನು ಹೇಳಿದ್ದು ಹಾಗೆ.

"ಈಗ ವೈನ್ ಇಲ್ದ ನಂದು ಒಂದ ದಿನಾನೂ ನಡಿಯೂದಿಲ್ಲ. ಇಲ್ಲ, ಇವರಿಗೇನೂ ಗೊತ್ತಿಲ್ಲ. ಗೊತ್ತಾದ್ರ ನಗತಾರ."

ಕಪ್ಪು ಪರದೆಗೆ ಹೆದರಿ ಸುತ್ತುದಾರಿ ಹಿಡಿದದ್ದು ನಮ್ಮವರಿಗೆ ಗೊತ್ತಿಲ್ಲವೆಂಬುದು ಅದರ ಅರ್ಥ. ಆದರೆ ಬಾಗಿಲ ಆಚೆ ರೊಟ್ಟಿ ಬಡಿಯುತ್ತಿದ್ದ ಕೈ ನಿಂತದ್ದು ನನ್ನ ಗಮನಕ್ಕೆ ಬರಲಿಲ್ಲ.

ಆಮೇಲೆ ಅತ್ತೆಯ ರೀತಿ ಬದಲಾಯಿತು. ಚಹಾ ಕೊಡುವಾಗ ನನ್ನ ಮುಖದ ತೀರ ಹತ್ತಿರ ಬಂದು ನಿಲ್ಲುತ್ತಿದ್ದರು. ಬೆಳಿಗ್ಗೆ ಕೇಳದೆಯೇ ನಿಂಬೆಹಣ್ಣು ಹಿಂಡಿದ ಮಜ್ಜಿಗೆ ಬರತೊಡಗಿತು. ನಾನು ಕಂಪ್ಯೂಟರಿನ ಮುಂದೆ ಕೂತರೆ ಏನೋ ಹುಡುಕುವ ನೆವದಲ್ಲಿ ಕೋಣೆಗೆ ಬಂದು, ಕಪಾಟಿನ ಹಿಂದೆ, ಮಂಚದ ಕೆಳಗೆ ಕಣ್ಣಾಡಿಸಿ ಹೋಗುತ್ತಿದ್ದರು. ಸೋಮವಾರ ಉಪವಾಸ ಹಿಡಿದರು. ಊರೆಲ್ಲ ದ್ರಾಕ್ಷಿ ತಿನ್ನುತ್ತಿದ್ದ ದಿನಗಳಲ್ಲಿ ನಮ್ಮ ಮನೆಗೆ ಮಾತ್ರ ಒಂದು ಗೊಂಚಲೂ ಬರಲಿಲ್ಲ. ಎಲ್ಲಕ್ಕಿಂತ ವಿಚಿತ್ರವೆಂದರೆ, ಅವರು ಭಜನೆಗೆ ಹೋಗುವುದನ್ನೇ ಬಿಟ್ಟರು.

ನಾನು ಲೆಕ್ಕ ಹಾಕಿದೆ. ಸೊಸೆ ಅಡುಗೆಮನೆ ಬಿಟ್ಟು ಕಂಪ್ಯೂಟರ್ ಹಿಡಿದದ್ದು ಇವರಿಗೆ ಸೇರುತ್ತಿಲ್ಲ, ಕಾವಲು ಕಾಯಲೆಂದೇ ಭಜನೆ ಬಿಟ್ಟು ಮನೆಯಲ್ಲಿ ಕೂತಿದ್ದಾರೆ ಎಂದು. ಮಾತು ಕಡಿಮೆ ಮಾಡಿದೆ. ಕೋಣೆಯ ಬಾಗಿಲು ಹಾಕಿಕೊಂಡು ಕೂರತೊಡಗಿದೆ. ಅತ್ತೆ ಸಂತೆಗೆ ಹೋದಾಗ ಫೋನಿನಲ್ಲಿ ರುಬಿನಾಗೆ, "ನಮ್ಮತ್ತಿ ಪೊಲೀಸ್ ನಾಯಿ ಹಂಗ ಮೂಸಿ ನೋಡ್ತಾರ" ಎಂದೂ ಹೇಳಿದೆ. ಈ ಮಾತು ಬರೆಯುವಾಗ ಈಗಲೂ ಕೈ ಹಿಂದೆ ಸರಿಯುತ್ತದೆ.

ಪ್ರೋಗ್ರಾಮ್ ಒಂದು ಹದಕ್ಕೆ ಬಂದಾಗ ಇಬ್ಬರೂ ಎದುರು ಕೂತು ಮುಗಿಸೋಣವೆಂದು ರುಬಿನಾ ನಿಪ್ಪಾಣಿಯಿಂದ ಬಸ್ಸಿಗೆ ಬಂದಳು. ಊಟವಾದ ಮೇಲೆ ಅತ್ತೆ ಅವಳನ್ನು ಹಿತ್ತಲಿಗೆ ಕರೆದರು. ಕಿಟಕಿಯಿಂದ ಅವರ ಮಾತು ನನಗೆ ಕೇಳುತ್ತಿತ್ತು.

"ನೀ ಆಕಿ ಗೆಳತಿ, ನನಗ ಮಗಳಿದ್ದಂಗ. ನಿನ್ನ ಮಾತ ಕೇಳ್ತಾಳ. ಆಕಿಗೆ ಅದನ್ನ ಬಿಡಸವಾ."

"ಏನ್ ಬಿಡಸೂದ್ರಿ?"

"ವೈನ್ ಕುಡಿಯೂದು. ನೀವಿಬ್ರೂ ಮಾತಾಡಿದ್ದ ನಾ ಕೇಳೇನಿ. ನಮಾಜ್ ಮಾಡೂ ಹುಡುಗಿ ನೀ, ನಿನಗ ಇದು ಬ್ಯಾಡ ಅನಸಲಿಲ್ಲೇನು?"

ರುಬಿನಾ ನಕ್ಕ ಸದ್ದು ಕೇಳಿತು. ಹೊರಗೆ ಓಡಿದೆ. ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ದುಪಟ್ಟಾದಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅತ್ತೆ ನಗಲಿಲ್ಲ. ಬಿಡಿಸೆಂದು ಮುಗಿದ ಕೈ ಹಾಗೇ ಇತ್ತು.

ಅದು ಕುಡಿಯುವ ವೈನ್ ಅಲ್ಲವೆಂದು ಪ್ರಮಾಣ ಮಾಡಿ, ತೋರಿಸುತ್ತೇನೆ ಬನ್ನಿ ಎಂದು ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸಿದೆ. ಪರದೆ ಹೊತ್ತಿತು. ವೈನ್ ಸಾಫ್ಟ್‌ವೇರಿನ ಗುರುತು ಏನಿತ್ತೆಂದು ನನಗೆ ಆಗಲೇ ನೆನಪಾದದ್ದು. ವಾಲಿದ ಒಂದು ಗಾಜಿನ ಬಟ್ಟಲು, ಅದರೊಳಗೆ ಕೆಂಪು ದ್ರವ.

ಅತ್ತೆ ಬೆರಳು ತೋರಿಸಿ, "ಮತ್ತ ಇದೇನ?" ಎಂದರು.

ಎಷ್ಟು ಹೇಳಿದರೂ ತಿಳಿಯದೆ ಹೋದಾಗ ಕೊನೆಗೆ ಬೇರೆ ದಾರಿ ಹಿಡಿದೆ. "ಅತ್ತಿ, ನೀವು ಈ ಮನಿಗೆ ಬಂದಾಗ ನಿಮಗ ಕನ್ನಡ ಬರ್ತಿರಲಿಲ್ಲ. ನಿಮ್ಮತ್ತಿಗೆ ಮರಾಠಿ ಬರ್ತಿರಲಿಲ್ಲ. ನಡಕ ಯಾರ ಮಾತಾಡ್ತಿದ್ರು?"

"ನಮ್ಮ ನೆಗೆಣ್ಣಿ, ನಿಮ್ಮ ಮಾವನ ಅಣ್ಣನ ಹೆಂಡ್ತಿ. ನಾ ಮರಾಠಿಯೊಳಗ ಅಂತಿದ್ದೆ, ಆಕಿ ಕನ್ನಡದಾಗ ಹೇಳ್ತಿದ್ಲು."

"ಇದು ಆ ನೆಗೆಣ್ಣಿರಿ."

ಅತ್ತೆ ಆ ಕೆಂಪು ಬಟ್ಟಲನ್ನು ಬಹಳ ಹೊತ್ತು ನೋಡಿದರು. ಮುಖದ ಗಂಟು ಸಡಿಲವಾಯಿತು. "ಆಕಿ ನಾ ಅಂದದ್ದೆಲ್ಲಾ ಹೇಳ್ತಿರಲಿಲ್ಲ" ಎಂದರು. "ಸಿಟ್ಟಿನ ಮಾತ ತನ್ನ ಹಂತ್ಯಾಕ ಇಟ್ಕೋತಿದ್ಲು. ಕನ್ನಡಾ ಕಲತ ಮ್ಯಾಲ ನನಗ ಗೊತ್ತಾತು." ನನ್ನ ಸಾಫ್ಟ್‌ವೇರಿಗೆ ಅಂಥ ಬುದ್ಧಿ ಇರಲಿಲ್ಲ. ನನಗೂ ಇರಲಿಲ್ಲ.

ಅಲ್ಲಿಗೇ ಮುಗಿದಿದ್ದರೆ ಇದು ನಗುವ ಕಥೆಯಾಗುತ್ತಿತ್ತು. ಹಾಗಾದರೆ ಭಜನೆಗೆ ಯಾಕೆ ಹೋಗುತ್ತಿಲ್ಲ ಎಂದು ನಾನು ಸುಮ್ಮನೆ ಕೇಳಿದೆ. ರುಬಿನಾ ಬಿಡದೆ ಕೇಳಿದ ಮೇಲೆ ಅತ್ತೆ ಹೇಳಿದರು. ನನ್ನ ಗಂಟಲು ಅಡುಗೆಮನೆ ದಾಟಿ ಪಕ್ಕದ ಮನೆಯ ಚಂಪಕ್ಕನ ತನಕ ಹೋಗಿತ್ತು. ಮಂಡಳಿಯಲ್ಲಿ ಎಲ್ಲರ ಮುಂದೆ ಚಂಪಕ್ಕ, "ನಿಮ್ಮ ಸೊಸಿ ದಿನಾ ವೈನ್ ವೈನ್ ಅಂತಾಳಲ್ರಿ, ಏನದು?" ಎಂದು ಕೇಳಿದ್ದರು. ಅತ್ತೆ, "ಅದು ನನಗರಿ. ಮೊಣಕಾಲ ಬ್ಯಾನಿಗೆ ಡಾಕ್ಟರ್ ಹೇಳ್ಯಾರ. ಆಕಿ ತರಸ್ತಾಳ, ನಾ ಕುಡೀತೀನಿ" ಎಂದುಬಿಟ್ಟಿದ್ದರು.

ಅಂದಿನಿಂದ ಮಂಡಳಿಯವರು ಅವರ ಕೈಗೆ ತಾಳ ಕೊಡಲಿಲ್ಲ. ಯಾರೂ ಬರಬೇಡಿ ಎನ್ನಲಿಲ್ಲ. ಮೊದಲ ಅಭಂಗವನ್ನು ಬೇರೆಯವರು ಎತ್ತಿದರು, ಅಷ್ಟೇ. ಅತ್ತೆ ಒಂದೆರಡು ಸಲ ಹಿಂದಿನ ಸಾಲಿನಲ್ಲಿ ಕೂತು ಬಂದು, ಆಮೇಲೆ ಹೋಗುವುದನ್ನೇ ಬಿಟ್ಟರು. ನಾನು ಬಾಗಿಲು ಹಾಕಿಕೊಂಡು ಕೂತಿದ್ದು, ಮೂಸಿ ನೋಡುತ್ತಾರೆಂದು ಗೆಳತಿಯ ಹತ್ತಿರ ನಕ್ಕದ್ದು ಆ ದಿನಗಳಲ್ಲಿಯೇ. ರುಬಿನಾ ನನ್ನ ಕಡೆ ನೋಡಲಿಲ್ಲ. ನೋಡದಿದ್ದುದೇ ಒಳ್ಳೆಯದಾಯಿತು.

ಮರುದಿನವೇ ಮಂಡಳಿಗೆ ಹೋದೆ. ಹತ್ತಾರು ಹೆಂಗಸರ ನಡುವೆ ನಿಂತು, "ನಮ್ಮತ್ತಿ ಏನೂ ಕುಡಿಯೂದಿಲ್ರಿ. ನಾನೂ ಕುಡಿಯೂದಿಲ್ಲ. ಅದು ಕಂಪ್ಯೂಟರಿಗೆ ಹಾಕೂ ವೈನ್" ಎಂದೆ.

"ಕಂಪ್ಯೂಟರಿಗೂ ಹಾಕ್ತೀರೇನವಾ?" ಎಂದರು ಒಬ್ಬರು.

ದುಭಾಷಿ, ನೆಗೆಣ್ಣಿ, ಲಿನಕ್ಸ್ ಎಂದು ನಾನು ವಿವರಿಸಿದಷ್ಟೂ ಅವರ ಕಣ್ಣಲ್ಲಿ ಕನಿಕರ ಹೆಚ್ಚಿತು. ನಾನು ಬೆಳಿಗ್ಗೆಯೇ ಹಾಕಿಕೊಂಡು ಬಂದಿದ್ದೇನೆ ಎಂದು ಕೆಲವರಿಗಾದರೂ ಅನಿಸಿರಬೇಕು. ಚಂಪಕ್ಕ ಮಾತ್ರ ನನ್ನ ಕೈಹಿಡಿದು ಹೊರಗೆ ಕರೆದೊಯ್ದು ತಗ್ಗಿದ ದನಿಯಲ್ಲಿ, "ಇರಲಿ ಬಿಡವಾ. ಹಿರೇರಿಗೆ ಔಷಧ ಅಂದ ಮ್ಯಾಲ ತಪ್ಪೇನೈತಿ. ನಮಗ ಆವಾಗ ತಿಳೀಲಿಲ್ಲ, ನಾಳೆ ಬರಾಕ ಹೇಳು" ಎಂದರು. ಒಂದು ಹೆಜ್ಜೆ ಇಟ್ಟವರು ಮತ್ತೆ ನಿಂತು, "ನನಗೂ ಮೊಣಕಾಲ ಭಾಳ ನೋಯ್ತಾವು. ಎಲ್ಲಿ ಸಿಗತೈತಿ ಅಷ್ಟ ಹೇಳು" ಎಂದರು.

ಹೀಗೆ ಅತ್ತೆಗೆ ತಾಳ ಮರಳಿ ಬಂತು, ನಿರಪರಾಧಿಯೆಂದಲ್ಲ, ಮೊಣಕಾಲಿನ ರೋಗಿಯೆಂದು. ಅವರು ತಿದ್ದಲು ಹೋಗಲಿಲ್ಲ. ನಾನು ಕಂಪ್ಯೂಟರಿನಿಂದ ವೈನ್ ತೆಗೆದುಹಾಕಿ ಕಪ್ಪು ಪರದೆಯ ಮುಂದೆ ಕೂತೆ. ನಾಲ್ಕು ಆಜ್ಞೆ ಕಲಿತರೆ ಮುಗಿಯುವ ಕೆಲಸ ಅದು. ಅಷ್ಟಕ್ಕೆ ಹೆದರಿ ಒಬ್ಬರ ಹೆಸರು ಕೆಡಿಸಿದ್ದೆ.

ಕ್ಷಮೆ ಕೇಳುವುದು ಉಳಿದಿತ್ತು. ದೇವರ ಹತ್ತಿರ ಮಾತಾಡುವ ಭಾಷೆಯಲ್ಲೇ ಕೇಳಬೇಕೆಂದು ನಿಶ್ಚಯಿಸಿದೆ. 'ಮಾಝಂ ಚುಕಲಂ', ನನ್ನದು ತಪ್ಪಾಯಿತು, ಎರಡೇ ಶಬ್ದ. ಅತ್ತೆ ಹಿತ್ತಲ ಕಟ್ಟೆಯ ಮೇಲೆ ಮೆಂತ್ಯೆ ಪಲ್ಯ ಸೋಸುತ್ತ ಕೂತಿದ್ದರು. ಪಕ್ಕದಲ್ಲಿ ಕೂತೆ. ಹಿರಿಯರೊಡನೆ ನೀವು, ನಿಮ್ಮ ಎಂದೇ ಮಾತಾಡಿ ರೂಢಿಯಾಗಿದ್ದ ನಾಲಿಗೆಯಿಂದ ಹೊರಬಿದ್ದದ್ದು 'ತುಮಚಂ ಚುಕಲಂ'. ನಿಮ್ಮದು ತಪ್ಪಾಯಿತು.

ಅತ್ತೆ ಕೈಯಲ್ಲಿದ್ದ ದಂಟು ಕೆಳಗಿಟ್ಟರು. "ಹೂಂ, ಖರೆ ಐತಿ" ಎಂದರು. "ಫೋನಿನ್ಯಾಗಿನ ಮಾತ ಕೇಳಬಾರದಿತ್ತು ನಾ. ಕೇಳಿದ ಮ್ಯಾಲ ನಿನ್ನರ ಕೇಳಬೇಕಿತ್ತು."

"ಅಲ್ರಿ ಅತ್ತಿ, ನಾ ಅನ್ನಾಕ ಹೋಗಿದ್ದು ಅದಲ್ಲ" ಎಂದು ತೊದಲಿದೆ.

"ಗೊತ್ತೈತಿ. ನಿನ್ನ ಮರಾಠಿ ನನಗ ತಿಳಿತೈತಿ" ಎಂದು ಅವರು ಒಂದು ಸಿವುಡು ಮೆಂತ್ಯೆಯನ್ನು ನನ್ನ ಮಡಿಲಿಗೆ ಹಾಕಿದರು. "ದಂಟ ಬ್ಯಾರೆ ಮಾಡು, ಎಲಿ ಬ್ಯಾರೆ ಮಾಡು."

ಇನ್ನೊಂದು ಸಲ ಸರಿಯಾಗಿ ಹೇಳೋಣವೆಂದು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಕೆಲವು ಮಾತುಗಳನ್ನು ಆಡುವವರಿಗಿಂತ ಕೇಳುವವರೇ ಸರಿಯಾಗಿ ಆಡಿರುತ್ತಾರೆ. ಎಲೆ ಬೇರೆ ಮಾಡಿದೆ, ದಂಟು ಬೇರೆ ಮಾಡಿದೆ.