ಕರಣೆ ತರದ ಮೇಸ್ತ್ರಿ

ಮನೆ ಹಿಂದೆ ಶಟಲ್ ಕೋರ್ಟು ಹಾಕಿಸಿದ್ದು ಆರೋಗ್ಯಕ್ಕೆ ಎಂದು ಕೇಳಿದವರಿಗೆಲ್ಲ ಹೇಳಿದ್ದೇನೆ. ಶುದ್ಧ ಸುಳ್ಳು. ಪೇಟೆಯಲ್ಲಿ ನಾನು ಸಂಜೆ ಆಡಲು ಹೋಗುತ್ತಿದ್ದ ಕಡೆ ನನ್ನನ್ನು ಯಾರೂ ಜೋಡಿಗೆ ಸೇರಿಸಿಕೊಳ್ಳುತ್ತಿರಲಿಲ್ಲ. "ಮುಂದಿನ ಗೇಮ್ ನಿಮ್ದೇ ಸಾರ್" ಎನ್ನುತ್ತಿದ್ದರು. ಮುಂದಿನ ಗೇಮಿಗೆ ಇನ್ಯಾರೋ ಇಳಿದಿರುತ್ತಿದ್ದರು. ಇಪ್ಪತ್ತೈದು ವರ್ಷ ಕಾಲೇಜಿನಲ್ಲಿ ಗಣಿತ ಪಾಠ ಮಾಡಿದ ನಾನು ರಾಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ತುದಿಯಲ್ಲಿ ಕೂತಿರುತ್ತಿದ್ದೆ. ಕೋರ್ಟೇ ನನ್ನದಾದರೆ ಹೇಗೆ ಕೂರಿಸುತ್ತಾರೆ ನೋಡೋಣ ಎಂಬ ಹಟಕ್ಕೆ ಬಿದ್ದು ಹಿತ್ತಲಿನ ಬಸಳೆ ಚಪ್ಪರ ಕೀಳಿಸಿದೆ.

"ಆಡೋಕೆ ಬರ್ದಿದ್ರೂ ಕೋರ್ಟು ಹಾಕಿಸ್ಬಹುದು ಅಂತ ಗೊತ್ತಿರ್ಲಿಲ್ಲ" ಎಂದಳು ಹೆಂಡತಿ. ಚಪ್ಪರ ಅವಳದು.

ಕೆಲಸಕ್ಕೆ ಬಂದ ಮೇಸ್ತ್ರಿ ಹೊಸನಗರದ ಕಡೆಯವರು. ಐವತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ. ನಾನೋ ಮೊಬೈಲಿನಲ್ಲಿ ಅಳತೆಯ ಚಿತ್ರ ಹಿಡಿದುಕೊಂಡು ಅವರ ಬೆನ್ನ ಹಿಂದೆಯೇ ಸುತ್ತುತ್ತಿದ್ದೆ. ಮೊದಲ ದಿನ ಪೂರ್ವ ಪಶ್ಚಿಮವಾಗಿ ಗೂಟ ಹೊಡೆಸಿದ್ದೂ ನಾನೇ. ಅವರು ಹಗ್ಗ ಕೈಯಲ್ಲಿ ಹಿಡಿದು ಪಶ್ಚಿಮದ ಕಡೆ ನೋಡಿದರು.

"ಹಿಂಗೆ ಹಾಕಿದ್ರೆ ಸಂಜೆ ಆಡೋರಿಗೆ ಬಿಸಿಲು ಕಣ್ಣಿಗೇ ಹೊಡೀತದೆ ಸಾರ್. ಉತ್ತರ ದಕ್ಷಿಣ ಮಾಡಾಣ."

ನಾನು ಒಪ್ಪಲಿಲ್ಲ. ಮರುದಿನ ಬೆಳಿಗ್ಗೆ, ಅದು ನನಗೇ ಹೊಳೆದ ವಿಚಾರ ಎಂಬಂತೆ ಗೂಟ ತಿರುಗಿಸಲು ಹೇಳಿದೆ. ಅವರು "ಆಯ್ತು ಸಾರ್" ಎಂದರು, ಅಷ್ಟೇ. ಗೆರೆ ಎಳೆಯುವ ದಿನವೂ ಹಾಗೆಯೇ ಆಯಿತು. ನಾನು ಕನ್ನಡಕ ಏರಿಸಿ ಮೊಬೈಲಿನಲ್ಲಿ ಹುಡುಕುತ್ತಿದ್ದಾಗ ಅವರು ಟೇಪು ಬಿಚ್ಚುತ್ತ, "ನೆಟ್ಟಿಂದ ಆರೂವರೆ ಅಡಿಗೆ ಸರ್ವೀಸ್ ಗೆರೆ" ಎಂದುಬಿಟ್ಟರು. ಸರಿಯಾಗಿತ್ತು.

"ನಿಮಗೆ ಹೆಂಗೆ ಗೊತ್ತು?"

"ಮೊದ್ಲು ಆಡ್ತಿದ್ದೆ ಸಾರ್. ಮೇಳಿಗೆ ಕಡೆ ಟೂರ್ನಮೆಂಟಿಗೆಲ್ಲ ಹೋಗ್ತಿದ್ವಿ. ಎರಡು ಕಪ್ಪು ಈಗ್ಲೂ ಮನೇಲಿ ಅದಾವೆ."

"ಹಂಗಾದ್ರೆ ಕೋರ್ಟು ಶುರುವಾಗೋ ದಿನ ಬಂದ್ಬಿಡಿ. ಭಾನುವಾರ. ಒಟ್ಟಿಗೆ ಆಡಾಣ."

ಇದು ಉಪಚಾರದ ಮಾತು. ಊಟದ ಹೊತ್ತಿಗೆ ಗೇಟಿನ ಮುಂದೆ ಹಾದುಹೋಗುವವರಿಗೆ ಉಂಡು ಹೋಗಿ ಎನ್ನುತ್ತೇವಲ್ಲ, ಅಂಥದ್ದು. ಹೇಳಿದವನಿಗೂ ಕೇಳಿದವನಿಗೂ ಅದರ ತೂಕ ಗೊತ್ತಿರುತ್ತದೆ ಎಂದುಕೊಂಡಿದ್ದೆ. ಆದರೆ ಅವರು ಟೇಪು ಸುತ್ತುವುದನ್ನು ನಿಲ್ಲಿಸಿ, "ಎಷ್ಟ್ ಗಂಟೆಗೆ ಸಾರ್?" ಎಂದು ಕೇಳಿದರು.

"ಐದಕ್ಕೆ" ಎಂದೆ. ಹೇಳಿ ಮರೆತೂ ಬಿಟ್ಟೆ.

ಆ ಭಾನುವಾರಕ್ಕೆ ನನ್ನನ್ನು ಬೆಂಚಿನಲ್ಲಿ ಕೂರಿಸಿದವರನ್ನೇ ಆರಿಸಿ ಕರೆದಿದ್ದೆ. ಮಂಡಕ್ಕಿ, ಮಿರ್ಚಿ, ಕಾಫಿ. ಎಲ್ಲರೂ ಕೋರ್ಟನ್ನು ಹೊಗಳುತ್ತಿದ್ದರು. ನಾನು ಉತ್ತರ ದಕ್ಷಿಣದ ಮಹತ್ವವನ್ನು ನನ್ನದೇ ಎಂಬಂತೆ ವಿವರಿಸುತ್ತಿದ್ದೆ. ಅಷ್ಟರಲ್ಲಿ ಮೇಸ್ತ್ರಿ ಬಂದರು. ಇಸ್ತ್ರಿ ಮಾಡಿದ ಅಂಗಿ, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು, ಹೆಗಲಿಗೆ ದಿನಾ ಕೆಲಸಕ್ಕೆ ತರುತ್ತಿದ್ದ ಅದೇ ದೊಡ್ಡ ಖಾಕಿ ಚೀಲ. ಅಂಗಿಯೂ ಬೂಟೂ ನನ್ನ ಕಣ್ಣಿಗೆ ಬಿದ್ದಿದ್ದವು. ತಲೆಗೆ ಹೋದದ್ದು ಚೀಲ ಮಾತ್ರ.

"ಒಳ್ಳೇ ಟೈಮಿಗೆ ಬಂದ್ರಿ ಮೇಸ್ತ್ರಿ. ಆ ಮೂಲೇಲಿ ಗೆರೆಯಿಂದ ಆಚೆ ಸಣ್ಣ ಬಿರುಕು ಬಿಟ್ಟದೆ. ಹೆಂಗೂ ಸಾಮಾನು ತಂದೀರಲ್ಲ, ಒಂಚೂರು ನೋಡ್ಬಿಡಿ."

ಅವರು ಚೀಲದ ಮೇಲೆ ಕೈಯಿಟ್ಟರು. "ಕರಣೆ ತಂದಿಲ್ಲ ಸಾರ್."

"ಪೆನ್ನಿಲ್ದೆ ಪರೀಕ್ಷೆಗೆ ಬಂದಂಗಾಯ್ತಲ್ಲ" ಎಂದೆ. ಎಲ್ಲರೂ ನಕ್ಕರು. ಮೇಸ್ತ್ರಿಯೂ ನಕ್ಕರು. ಆಮೇಲೆ ಬೂಟು ಬಿಚ್ಚಿ, ಚೀಲದ ಪಕ್ಕ ಜೋಡಿಸಿಟ್ಟು, ಪ್ಯಾಂಟು ಮಡಚಿಕೊಂಡರು. ಉಳಿದಿದ್ದ ಸಿಮೆಂಟು ಕಲಸಿ, ನನ್ನ ಹೆಂಡತಿ ಅಡುಗೆಮನೆಯಿಂದ ತಂದುಕೊಟ್ಟ ದೋಸೆ ಸಟ್ಟುಗವನ್ನೇ ಕರಣೆ ಮಾಡಿಕೊಂಡು ಬಿರುಕು ಮುಚ್ಚಿದರು. ನಾವು ಇತ್ತ ಮೊದಲ ಗೇಮ್ ಆಡುತ್ತಿದ್ದೆವು. ಒಮ್ಮೆ ಶಟಲ್ ಅವರ ಹತ್ತಿರ ಹೋಗಿ ಬಿತ್ತು. ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ರೆಕ್ಕೆ ಕೊಳೆಯಾಗದ ಹಾಗೆ ಬುಡ ಹಿಡಿದು ನನ್ನ ಕೈಗೆ ಕೊಟ್ಟರು.

ಗೇಮ್ ಮುಗಿದಾಗ ಅವರು ಕೈ ತೊಳೆದು ಚೀಲ ಎತ್ತುತ್ತಿದ್ದರು. ಜಿಪ್ಪು ಅರ್ಧ ತೆರೆದಿತ್ತು. ಒಳಗೆ ರಾಕೆಟ್ಟಿನ ಹಿಡಿ ಕಾಣಿಸಿತು, ಅದಕ್ಕೆ ಹೊಸದಾಗಿ ಸುತ್ತಿದ ಹಳದಿ ಪಟ್ಟಿ. ನಾನು ನೋಡಿದ್ದನ್ನು ಅವರೂ ನೋಡಿದರು. ಅವಸರವಿಲ್ಲದೆ ಜಿಪ್ಪು ಎಳೆದುಕೊಂಡರು.

ಆಗಲೂ ಕಾಲ ಮಿಂಚಿರಲಿಲ್ಲ. ಬನ್ನಿ ಮೇಸ್ತ್ರಿ, ಈ ಗೇಮ್ ನಿಮ್ಮದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಕೋರ್ಟಿನಲ್ಲಿ ನಾಲ್ಕೇ ಜನಕ್ಕೆ ಜಾಗ. ಅವರು ಇಳಿದರೆ ಯಾರೋ ಒಬ್ಬರು ಹೊರಗೆ ಕೂರಬೇಕು, ಆ ಒಬ್ಬ ನಾನೇ ಆಗಬಹುದು ಎಂಬುದು ನನ್ನ ತಲೆಗೆ ಬಂತು. ಅಷ್ಟರಲ್ಲಿ ಯಾರೋ "ಸರ್ವೀಸ್ ನಿಮ್ದು ಸಾರ್" ಎಂದು ಕೂಗಿದರು. ಹೋಗಿ ಸರ್ವೀಸ್ ಮಾಡಿದೆ. ಚೀಲ ನೋಡಿ ತಪ್ಪು ತಿಳಿದದ್ದನ್ನು ಹೆಂಡತಿಗೆ ಅವತ್ತೇ ಹೇಳಿದೆ. ಈ ಎರಡನೆಯದನ್ನು ಇದುವರೆಗೂ ಹೇಳಿಲ್ಲ. ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮಳೆಗಾಲಕ್ಕೆ ಮುಂಚೆ ಒಂದು ದಿನ ಹೊಸನಗರಕ್ಕೆ ಹೋದೆ. ಬೇರೆ ಕೆಲಸವಿರಲಿಲ್ಲ. ವಿಚಾರಿಸಿಕೊಂಡು ಹೋದಾಗ ಅವರು ಯಾರದೋ ಹೊಸ ಮನೆಯ ಗೋಡೆಗೆ ಗಿಲಾವು ಮಾಡುತ್ತಿದ್ದರು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವರ ಮುಖ ಕಂಡ ಮೇಲೆ ಅವತ್ತಿನ ಮಾತನ್ನು ಎತ್ತಲಾಗಲಿಲ್ಲ.

"ಭಾನುವಾರ ಆಡೋಕೆ ಬನ್ನಿ ಮೇಸ್ತ್ರಿ" ಎಂದೆ. "ಕೆಲಸ ಎಂತದೂ ಇಲ್ಲ. ಬರೀ ಆಡೋಕೆ."

ಅವರು ಕರಣೆಯನ್ನು ಬಾಂಡ್ಲಿಯ ಅಂಚಿಗೆ ಒರೆಸಿ ಇಟ್ಟರು. ಮುಖದಲ್ಲಿ ಸಿಟ್ಟು ಹುಡುಕಿದೆ, ಇರಲಿಲ್ಲ.

"ಅದಕ್ಕೇನಂತೆ, ಬರ್ತೀನಿ ಸಾರ್. ನೀವು ಇಷ್ಟು ದೂರ ಬಂದೀರಿ, ಚಾ ಕುಡ್ಕಂಡು ಹೋಗಿ."

ಚಾ ತರಿಸಿದರು. ಇಬ್ಬರೂ ನಿಂತೇ ಕುಡಿದೆವು. ಕೋರ್ಟಿನ ಬಿರುಕು ಮತ್ತೆ ಬಿಟ್ಟಿದೆಯಾ ಎಂದು ವಿಚಾರಿಸಿದರು, ಇಲ್ಲ ಎಂದೆ. ಬಸ್ಸು ಎಷ್ಟು ಹೊತ್ತಿಗೆ ಎಂದೂ ಕೇಳಿದರು.

ಭಾನುವಾರ ಎಷ್ಟು ಗಂಟೆಗೆ ಬರಬೇಕು ಎಂದು ಮಾತ್ರ ಕೇಳಲಿಲ್ಲ.