ಓಬಯ್ಯನ ಮೂಳೆ ಮಾತ್ರೆ

ಹೊಟ್ಟೆಹುಣ್ಣಿನ ಆಪರೇಷನ್‌ನಲ್ಲಿ ಅರ್ಧ ಹೊಟ್ಟೆ ಕಳೆದುಕೊಂಡು ಬಂದ ಮಿಡಿಗೇಶಿಯ ಓಬಯ್ಯನಿಗೆ ಒಂದೇ ಗೊಂದಲ. ‘ಕುಯ್ದಿದ್ದು ಹೊಟ್ಟೆ, ಮಾತ್ರೆ ಕೊಟ್ಟಿದ್ದು ಮೂಳೆಗೆ, ಇದೆಂಗೆ?’ ಎಂದು ಮಧುಗಿರಿ ಬಸ್ಸಿನ ಕಂಡಕ್ಟರನ್ನು ಕೇಳುವನು, ಯಾರೂ ಸಿಗದಿದ್ದರೆ ತನ್ನ ಕುರಿಗಳನ್ನೇ ಕೇಳುವನು. ‘ಹೊಟ್ಟೆ ಚಿಕ್ಕದಾಗಿದೆ ಓಬಯ್ಯ, ತಿಂದದ್ದರ ಸಾರ ಮೈಗೆ ಹತ್ತಲ್ಲ, ಮೂಳೆ ಸವೆಯುತ್ತೆ. ಜೀವ ಇರೋವರೆಗೂ ನುಂಗಬೇಕು’ ಎಂದು ಆಸ್ಪತ್ರೆಯ ನರ್ಸಮ್ಮ ಹೋದಾಗಲೆಲ್ಲ ಬಿಡಿಸಿ ಹೇಳುವರು. ಇವನು ತಲೆಯಾಡಿಸಿ ಬಂದು, ಮರುದಿನ ಮತ್ತೆ ಕುರಿಗಳ ಮುಂದೆ ನಿಲ್ಲುವನು. ಒಂದು ದಿನ ಅಂಗಳದಲ್ಲಿ ಸುಮ್ಮನೆ ಜಾರಿದ್ದಕ್ಕೇ ಅವನ ಮಣಿಕಟ್ಟು ಮುರಿಯಿತು. ‘ಮಾತ್ರೆ ನುಂಗ್ತಿಲ್ವಾ?’ ಎಂದು ನರ್ಸಮ್ಮ ಗದರಿದರು. ‘ಅರ್ಧ ನಾನು, ಅರ್ಧ ನಮ್ಮ ಹೆಂಗಸು ಗಿರಿಯಮ್ಮ ನುಂಗ್ತೀವಿ. ನನ್ನ ಹೊಟ್ಟೆ ಕುಯ್ದವ್ರೆ, ಸರಿ ಕಣಮ್ಮ. ಅವಳ ಹೊಟ್ಟೆ ಯಾರೂ ಕುಯ್ದಿಲ್ವಲ್ಲ, ಬೆನ್ಯಾಕೆ ಇಂಗೆ ಬಾಗೋಯ್ತು?’ ನರ್ಸಮ್ಮ ಗಿರಿಯಮ್ಮನ ಹೆಸರಿಗೊಂದು ಹೊಸ ಚೀಟಿ ಬರೆಯತೊಡಗಿದರು.