ಗುಲಾಬಿ ಫ್ರೇಮಿನ ಡ್ರೈವರ್

ಆ ವರ್ಷ ನನ್ನ ಇಂಗ್ಲಿಷಿಗೆ ಸಿಕ್ಕ ಬೆಲೆ ಆಮೇಲೆ ಎಂದೂ ಸಿಗಲಿಲ್ಲ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಶಂಕರಘಟ್ಟದಲ್ಲಿ ಎಂ.ಎ. ಓದುತ್ತಿದ್ದೆ. ದೂರದ ದೇಶದಿಂದ ಇಬ್ಬರು ಭದ್ರಾವತಿಗೆ ಬರುತ್ತಾರಂತೆ, ಪುಕ್ಕಟೆಯಾಗಿ ಕಣ್ಣು ನೋಡಿ ಕನ್ನಡಕ ಕೊಡುತ್ತಾರಂತೆ, ಅವರ ಮಾತನ್ನು ಕನ್ನಡದಲ್ಲಿ ಹೇಳಲು ಯಾರಾದರೂ ಬೇಕಂತೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ನಾನು ಬರ್ತೀನಿ ಎಂದು ಕೈ ಎತ್ತಿದೆ. ಅಲ್ಲಿಯವರೆಗೆ ವಿದೇಶದವರ ಜೊತೆ ಒಂದೇ ಒಂದು ಮಾತು ಆಡಿದವಳಲ್ಲ ನಾನು. ಕನ್ನಡಿ ಮುಂದೆ ನಿಂತು ತಾಲೀಮು ಮಾಡಿದ್ದೇ ಮಾಡಿದ್ದು.

"ಏನ್ ಮಾರಾಯ್ತಿ, ಇಂಗ್ಲೆಂಡಿನ ರಾಣಿ ಬರ್ತಾಳೇನೇ?" ಎಂದು ಅಪ್ಪ ರೇಗಿಸಿದರು.

ಅಪ್ಪ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಓಡುವ ಖಾಸಗಿ ಬಸ್ಸಿನ ಡ್ರೈವರ್. ನಾನು ಈ ಕೆಲಸಕ್ಕೆ ಹಾರಿ ಬಿದ್ದದ್ದರ ಹಿಂದೆ ಅವರ ಕಣ್ಣೂ ಇತ್ತು. ಸ್ಟಾಪಿನಲ್ಲಿ ನಿಂತು ಕೈ ಬೀಸಿದರೆ ಸ್ವಂತ ಮಗಳ ಗುರುತೇ ಸಿಗುತ್ತಿರಲಿಲ್ಲ ಅವರಿಗೆ. ಬಸ್ಸಿನ ತುಂಬ ಜನ ಕೂರಿಸಿಕೊಂಡು ಹೋಗುವ ಮನುಷ್ಯ! ಕಣ್ಣು ತೋರಿಸಿ ಎಂದರೆ ಸಿಡುಕುತ್ತಿದ್ದರು. "ಕನ್ನಡಕ ಹಾಕೋ ಡ್ರೈವರ್ ಕೈಗೆ ಯಾವ ಓನರ್ ಬಸ್ ಕೊಡ್ತಾನೆ? ಮನೇಲಿ ಒಲೆ ಹತ್ತೋದು ಬೇಡ್ವಾ?"

ಭದ್ರಾವತಿಯ ಕಾಗದನಗರದ ಒಂದು ಹಾಲಿನಲ್ಲಿ ಶಿಬಿರ. ಬಂದವರಲ್ಲಿ ಒಬ್ಬಾಕೆ ನಿವೃತ್ತ ಟೀಚರ್, ಬೆಳ್ಳಿ ಕೂದಲಿನ ನಗುಮುಖದವರು. ಇನ್ನೊಬ್ಬರು ಕಣ್ಣು ಪರೀಕ್ಷೆ ಮಾಡುವ ಎತ್ತರದ ಮನುಷ್ಯ. ಅವರ ಊರಿನ ಜನ ಹಾಕಿ ಬಿಟ್ಟ ಕನ್ನಡಕಗಳನ್ನು ತೊಳೆದು, ಒಂದೊಂದಕ್ಕೂ ಪವರಿನ ಚೀಟಿ ಅಂಟಿಸಿ, ಟ್ರಂಕುಗಟ್ಟಲೆ ತಂದಿದ್ದರು. ಟ್ರಂಕಿನ ಮುಚ್ಚಳ ತೆಗೆದಾಗ ನಾನು ಚಪ್ಪಾಳೆ ತಟ್ಟಿಬಿಟ್ಟೆ. ಆ ಟೀಚರಮ್ಮನೂ ನನ್ನ ಜೊತೆ ತಟ್ಟಿದರು.

ಆದರೆ ಮೊದಲ ದಿನ ಮಧ್ಯಾಹ್ನವಾದರೂ ದೂರದ್ದು ಕಾಣಿಸುವ ಕನ್ನಡಕ ಒಂದೂ ಖರ್ಚಾಗಲಿಲ್ಲ. ಗೋಡೆಗೆ ತೂಗುಹಾಕಿದ್ದ ಇಂಗ್ಲಿಷ್ ಅಕ್ಷರಗಳ ಹಾಳೆಯನ್ನು ಬಂದವರೆಲ್ಲ ಕೊನೆಯ ಸಾಲಿನವರೆಗೂ ಸಲೀಸಾಗಿ ಹೇಳುತ್ತಿದ್ದರು. ಹೆಬ್ಬೆಟ್ಟು ಒತ್ತುವ ಅಜ್ಜಿಯೊಬ್ಬರು ಬಂದು "ಇ, ಎಫ್ ಪಿ, ಟಿ ಓ ಝಡ್" ಎಂದು ಗಡಗಡ ಶುರು ಮಾಡಿದಾಗ ನನಗೆ ತಲೆ ಗಿರ್ ಅಂದಿತು.

"ಅಜ್ಜಿ, ಇಂಗ್ಲಿಷ್ ಬರ್ತದಾ ನಿಮಗೆ?"

"ಬರ್ದೇ ಏನು? ಬೆಳಗ್ಗಿಂದ ಕಲ್ತಿದೀನಲ್ಲ!"

ಹೊರಗೆ ಓಡಿ ನೋಡಿದೆ. ದೇವರೇ! ಸಾಲಿಗೆ ಸಾಲೇ ಭಜನೆ ಮಾಡುತ್ತಿತ್ತು. ಒಳಗೆ ಹೋಗಿಬಂದ ದಪ್ಪನೆಯ ಹೆಂಗಸೊಬ್ಬಳು ಹೇಳಿಕೊಡುತ್ತಿದ್ದಳು, ಉಳಿದವರು ದನಿಗೂಡಿಸುತ್ತಿದ್ದರು. ನಮ್ಮೂರಿನಲ್ಲಿ ಪರೀಕ್ಷೆ ಎಂದರೆ ಪಾಸಾಗಬೇಕಾದದ್ದು. ತಪ್ಪಿಲ್ಲದೆ ಹೇಳಿದವರಿಗೆ ಕನ್ನಡಕ ಎಂದು ಅವರ ಲೆಕ್ಕ. ಪಾಸಾಗಿಯೂ ಬರಿಗೈಯಲ್ಲಿ ಬಂದವರು ಮೂಲೆಯಲ್ಲಿ ನಿಂತು ನನಗೆ ಹಿಡಿಶಾಪ ಹಾಕುತ್ತಿದ್ದರು.

ನನಗೆ ಸಿಟ್ಟು ನೆತ್ತಿಗೇರಿತು. "ಕಾಣದೇ ಇರೋರಿಗೆ ಕಣ್ರೀ ಕನ್ನಡಕ!" ಎಂದು ಕಿರುಚಿದೆ. ತಗೋ, ಆಮೇಲೆ ಬಂದವರೆಲ್ಲ ಗೋಡೆಯೇ ಕಾಣುವುದಿಲ್ಲ ಎನ್ನತೊಡಗಿದರು. ಟೀಚರಮ್ಮನಿಗೆ ಎಲ್ಲ ವಿವರಿಸಿದರೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು; ನನ್ನ ಸಿಟ್ಟೂ ಇಳಿದು ನಾನೂ ನಕ್ಕೆ. ಕೊನೆಗೆ ಬೇರೆ ಹಾಳೆ ತೆಗೆದರು. ಅದರಲ್ಲಿ ಒಂದೇ ಅಕ್ಷರ, ನಾಲ್ಕು ದಿಕ್ಕಿಗೂ ತಿರುಗಿಸಿದ್ದು. ಯಾವ ಕಡೆ ತಿರುಗಿದೆ ಎಂದು ಕೈಯಲ್ಲಿ ತೋರಿಸಿದರೆ ಸಾಕು. ಬಾಯಿಪಾಠಕ್ಕೆ ದಾರಿಯೇ ಇಲ್ಲ.

ಮರುದಿನ ಅಪ್ಪ ಬಂದರು. ನನ್ನ ಕಾಟ ತಡೆಯಲಾರದೆ, ಕಣ್ಣು ಚೆನ್ನಾಗಿದೆ ಎಂದು ಎಲ್ಲರೆದುರು ತೋರಿಸಿ ಹೋಗಲು ಬಂದಿದ್ದರು. ಹಳೆಯ ಹಾಳೆಯ ಅಕ್ಷರಗಳು ಊರಿಗೆಲ್ಲ ಹಬ್ಬಿದ್ದವಲ್ಲ, ಅಪ್ಪನೂ ಕಲಿತೇ ಬಂದಿದ್ದರು. ಗೋಡೆಯ ಕಡೆ ಮುಖ ಮಾಡಿ "ಇ, ಎಫ್ ಪಿ..." ಎಂದರು. ಅಲ್ಲಿ ಎಫ್ ಎಲ್ಲಿತ್ತು? ನಾನು ಮೆಲ್ಲಗೆ, "ಅಪ್ಪ, ಕೈಯಲ್ಲಿ ತೋರಿಸಿ" ಎಂದೆ. ಎತ್ತಿದ ಕೈ ಯಾವ ಕಡೆ ತಿರುಗಬೇಕೆಂದು ತಿಳಿಯದೆ ಹಾಗೇ ನಿಂತಿತು. ನನಗೆ ಅಳು ಬಂತು.

ಎತ್ತರದ ಮನುಷ್ಯ ಅಪ್ಪನ ಕಣ್ಣ ಮುಂದೆ ಗಾಜು ಬದಲಿಸುತ್ತ ಹೋದರು. ಸರಿಯಾದ ಗಾಜು ಬಂದಾಗ ಅಪ್ಪ "ಅರೆ!" ಎಂದರು. ಕೈ ಟಪಟಪನೆ ದಿಕ್ಕು ತೋರಿಸಿತು. ನಾನು ಕುಣಿದುಬಿಟ್ಟೆ. ಆ ಪವರಿಗಾಗಿ ಟ್ರಂಕು ಜಾಲಾಡಿದರೆ ಸಿಕ್ಕಿದ್ದು ಒಂದೇ ಒಂದು. ಹೆಂಗಸರದ್ದು. ಗುಲಾಬಿ ಬಣ್ಣದ ಫ್ರೇಮು, ಎರಡೂ ಮೂಲೆಗೆ ಮಿಣಮಿಣ ಹೊಳೆಯುವ ಹರಳು. ಹಾಲಿಗೆ ಹಾಲೇ ಗೊಳ್ಳೆಂದಿತು. ಅಪ್ಪ ಅದನ್ನು ಜೇಬಿಗೆ ಹಾಕಿಕೊಂಡು ಹೊರಟೇಬಿಟ್ಟರು.

ನಾನು ಬಿಡುತ್ತೇನೆಯೇ? ಟೀಚರಮ್ಮನಿಗೆ ಹೇಳಿ ಬಸ್ ಸ್ಟ್ಯಾಂಡಿಗೆ ಓಡಿ, ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತೆ. "ಹಾಕ್ಕೊಳ್ಳಿ. ಇಲ್ಲಾಂದ್ರೆ ಈಗ್ಲೇ ಓನರ್‌ಗೆ ಎಲ್ಲಾ ಹೇಳ್ತೀನಿ."

"ನನ್ನ ಮಾನ ಕಳೀಬೇಡ್ವೇ!"

"ಅಪ್ಪ, ಹಿಂದೆ ತಿರುಗಿ ನೋಡಿ. ಎಷ್ಟು ಜನ ಇದಾರೆ."

ಅಪ್ಪ ತಿರುಗಿ ನೋಡಲಿಲ್ಲ. ಹಲ್ಲು ಕಚ್ಚಿ ಹಾಕಿಕೊಂಡರು. ಕಂಡಕ್ಟರ್ "ಅಣ್ಣಾ, ಅತ್ತಿಗೆದಾ?" ಎಂದ. ಹಿಂದಿನಿಂದ ಯಾರೋ "ಏನ್ ಮಾರಾಯ, ಮದುಮಗಳ ಥರ ಕಾಣ್ತಿದೀಯಲ್ಲ" ಎಂದರು. ಅಪ್ಪನ ಕಿವಿ ಕೆಂಪಾಯಿತು. ಬಸ್ಸು ಊರು ದಾಟಿತು. ಒಂದು ತಿರುವು ಮುಗಿದ ಕೂಡಲೇ ಅಪ್ಪ ನಿಧಾನ ಮಾಡಿದರು. ಯಾಕೆಂದು ನೋಡಿದರೆ, ದೂರದಲ್ಲಿ ಯೂನಿಫಾರ್ಮಿನ ಮಕ್ಕಳು ರಸ್ತೆ ದಾಟಲು ನಿಂತಿದ್ದರು. ಬಸ್ಸು ಪೂರ್ತಿ ನಿಂತಿತು. ಮಕ್ಕಳು ಅಪ್ಪನ ಮುಖ ನೋಡಿ ಕಿಸಿಕಿಸಿ ನಗುತ್ತ ದಾಟಿದರು.

"ಇವ್ರು ದಿನಾ ಇಲ್ಲೇ ದಾಟ್ತಾರೆ," ಎಂದರು ಅಪ್ಪ, ನನಗೆ ಮಾತ್ರ ಕೇಳುವಂತೆ. "ಹತ್ರ ಬಂದ್ಮೇಲೇ ಕಾಣ್ತಿದ್ರು. ಎಲ್ಲರಿಗೂ ಹಂಗೇ ಅಂದ್ಕೊಂಡಿದ್ದೆ." ಆಮೇಲೆ ಮೆಲ್ಲಗೆ ಗೇರ್ ಹಾಕಿದರು.

ಶಿವಮೊಗ್ಗ ಸ್ಟ್ಯಾಂಡಿನಲ್ಲಿ ಓನರ್ ನಿಂತಿರುವುದು ಕಂಡಿತು. ಅಷ್ಟು ಹಟ ಮಾಡಿದ ನಾನೇ ಪಿಸುಗುಟ್ಟಿದೆ: "ಅಪ್ಪ, ತೆಗೆದು ಕೊಡಿ. ಇಲ್ಲೇ ಗಾಂಧಿ ಬಜಾರಲ್ಲಿ ಇದೇ ಗಾಜಿಗೆ ಗಂಡಸರ ಫ್ರೇಮ್ ಹಾಕಿಸ್ಕೊಂಡು ಬರ್ತೀನಿ. ಸಂಜೆ ಹೊತ್ತಿಗೆ ಕೊಡ್ತಾರೆ."

ಅಪ್ಪ ಕನ್ನಡಕವನ್ನು ಮೂಗಿನ ಮೇಲೆ ಸರಿಯಾಗಿ ಕೂರಿಸಿಕೊಂಡು ಓನರ್ ಕಡೆ ಇಳಿದು ಹೊರಟರು.

"ಸಂಜೆ ತನಕ ಬಸ್ಸು ಹೆಂಗೆ ಓಡಿಸ್ಲೇ?"